ಮೊಬೈಲ್ ಚಟವೆಂದು ಕರೆತಂದ ಹುಡುಗಿ

(ಗುರುತು ಸಿಗದಂತೆ ಹೆಸರು, ಉದ್ಯೋಗ ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಗಳ ಮೊಬೈಲ್ ಚಟ ಬಿಡಿಸಿಕೊಡಿ ಎಂದು ಕೇಳಿಕೊಂಡು ತಂದೆ ತಾಯಿ ನನ್ನ ಆಪ್ತಸಮಾಲೋಚನಾ ಕೊಠಡಿಗೆ ಬಂದಿದ್ದರು. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ತಂದೆಗೆ ಅಡಿಕೆ ವ್ಯಾಪಾರ, ತಾಯಿಗೆ ಮನೆಯಲ್ಲೇ ಹೊಲಿಗೆ ಕೆಲಸ. ಹತ್ತನೇ ತರಗತಿಯ ಒಬ್ಬಳೇ ಮಗಳು, ಕಾವ್ಯ ಎಂದಿಟ್ಟುಕೊಳ್ಳೋಣ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಕುಸಿದಿತ್ತು. ಊಟ ಸೇರುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೂ ಹೊದಿಕೆಯೊಳಗೆ ಫೋನಿನ ಬೆಳಕು. ಸ್ನಾನಕ್ಕೆ ಹೋಗುವಾಗಲೂ ಅದನ್ನು ಕೈಯಿಂದ ಬಿಡುತ್ತಿರಲಿಲ್ಲ.

"ಯಾರನ್ನೋ ಪ್ರೀತಿಸುತ್ತಿದ್ದಾಳೆ ಎಂದು ಇವರಿಗೆ ಅನುಮಾನ ಮೇಡಂ" ಎಂದರು ತಾಯಿ, ಗಂಡನ ಕಡೆ ನೋಡದೆ. ನಿಮ್ಹಾನ್ಸ್‌ನಲ್ಲಿ ಮೊಬೈಲ್ ಬಿಡಿಸುವ ಚಿಕಿತ್ಸಾಲಯ ಇದೆಯಂತೆ, ಅಲ್ಲಿಗೆ ಕರೆದೊಯ್ಯಬೇಕೇ ಎಂಬುದು ತಂದೆಯ ಪ್ರಶ್ನೆ. ಅದು 2014ರಿಂದ ನಡೆಯುತ್ತಿರುವ 'ಶಟ್' ಕ್ಲಿನಿಕ್. ಆಟ, ವಿಡಿಯೋ, ಜಾಲತಾಣಗಳ ಬಳಕೆಯ ಮೇಲೆ ಹಿಡಿತ ತಪ್ಪಿದವರಿಗೆ ಒಳ್ಳೆಯ ಜಾಗವೇ. ಆದರೆ ಚಟ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಬಹಳ ಧಾರಾಳವಾಗಿ ಬಳಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ಸೇರಿರುವುದು ಗೇಮಿಂಗ್ ಅಸ್ವಸ್ಥತೆ. ಅದಕ್ಕೂ ಸಾಮಾನ್ಯವಾಗಿ ಹನ್ನೆರಡು ತಿಂಗಳ ಲಕ್ಷಣಗಳನ್ನು ನೋಡಬೇಕೆನ್ನುತ್ತಾರೆ. ಕಾವ್ಯಳ ಬದಲಾವಣೆಗೆ ಆರು ವಾರವೂ ಆಗಿರಲಿಲ್ಲ. ನಿಧಾನವಾಗಿ ಹತ್ತುವ ಚಟ ಹೀಗೆ ಕೆಲವೇ ವಾರಗಳಲ್ಲಿ ಊಟ ಬಿಡಿಸುವುದಿಲ್ಲ.

ಅವಳೊಬ್ಬಳೇ ಕುಳಿತಾಗ ನಾನು ಫೋನಿನ ಮಾತೆತ್ತಲಿಲ್ಲ. ಅವಳೇ ಕೇಳಿದಳು: "ನಾನು ಹೇಳುವುದನ್ನೆಲ್ಲ ಅಪ್ಪನಿಗೆ ಹೇಳುತ್ತೀರಾ?" ಹೇಳುವುದಿಲ್ಲ ಎಂದುಬಿಡುವುದು ಸುಲಭವಿತ್ತು. ನಿನ್ನ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ, ಆದರೆ ಏನನ್ನು, ಹೇಗೆ, ಯಾರ ಮುಂದೆ ಹೇಳಬೇಕೆಂಬುದನ್ನು ನಿನ್ನ ಜೊತೆ ಕುಳಿತೇ ತೀರ್ಮಾನಿಸುತ್ತೇನೆ ಎಂದೆ. ಆ ದಿನ ಅವಳು ಏನೂ ಹೇಳದೆ ಎದ್ದುಹೋದಳು. ಮುಂದಿನ ಭೇಟಿಯಲ್ಲಿ ಹೇಳಿದಳು.

ಇನ್‌ಸ್ಟಾಗ್ರಾಂ ಖಾತೆ ತೆರೆಯುವಾಗ ಅವಳು ಹುಟ್ಟಿದ ವರ್ಷವನ್ನು ನಾಲ್ಕು ವರ್ಷ ಹಿಂದಕ್ಕೆ ಹಾಕಿದ್ದಳು. ಹದಿನೆಂಟು ತುಂಬದವರ ಖಾತೆಯನ್ನು ಕಂಪನಿ ತಾನಾಗಿ ಖಾಸಗಿಯಾಗಿಡುತ್ತದೆ. ಇವಳದು ದೊಡ್ಡವರ ಖಾತೆಯಾಗಿ ಎಲ್ಲರಿಗೂ ತೆರೆದುಕೊಂಡಿತ್ತು. ಯಾರೋ ಅಪರಿಚಿತರು ಅಲ್ಲಿಂದ ಶಾಲೆಯ ವಾರ್ಷಿಕೋತ್ಸವದ ಫೋಟೋ ತೆಗೆದುಕೊಂಡು, ಮುಖವನ್ನು ಬೇರೆ ದೇಹಕ್ಕೆ ಅಂಟಿಸಿ ಅಶ್ಲೀಲ ಚಿತ್ರ ಮಾಡಿ ಅವಳಿಗೇ ಕಳುಹಿಸಿದ್ದರು. ಜೊತೆಗೆ ಅವಳ ತರಗತಿಯವರ ಖಾತೆಗಳ ಪಟ್ಟಿ. ಹಣ ಕೊಡದಿದ್ದರೆ ಇವರಿಗೆಲ್ಲ ಹೋಗುತ್ತದೆ ಎಂಬ ಬೆದರಿಕೆ. ಗೆಳತಿಯೊಬ್ಬಳು ತನ್ನ ತಾಯಿಯ ಫೋನ್‌ಪೇಯಿಂದ ಗುಟ್ಟಾಗಿ 500 ರೂಪಾಯಿ ಕಳುಹಿಸಿದಳು. ಮರುವಾರ ಬೇಡಿಕೆ 2,000ಕ್ಕೆ ಏರಿತು.

ಮನೆಯಲ್ಲಿ ಏಕೆ ಹೇಳಲಿಲ್ಲ? ಹಿಂದಿನ ವರ್ಷ ಒಂದು ರೀಲ್ಸ್ ಹಾಕಿದ್ದಕ್ಕೆ ತಂದೆ ಅವಳ ಫೋನನ್ನು ತಿಂಗಳುಗಟ್ಟಲೆ ಮಂಡಿಯ ತಿಜೋರಿಯಲ್ಲಿಟ್ಟಿದ್ದರು. ಈಗ ಹೇಳಿದರೆ ಮತ್ತೆ ಕಿತ್ತುಕೊಳ್ಳುತ್ತಾರೆ. "ಫೋನ್ ಹೋದರೆ ಹೋಗಲಿ ಮೇಡಂ. ಅವನು ಯಾವಾಗ ಕಳುಹಿಸುತ್ತಾನೋ ನನಗೆ ಗೊತ್ತಾಗುವುದಿಲ್ಲವಲ್ಲ."

ಎರಡು ಗಂಟೆಯ ಬೆಳಕಿನ ಅರ್ಥ ಇದು. ಅವಳು ಫೋನನ್ನು ನೋಡುತ್ತಿರಲಿಲ್ಲ, ಕಾಯುತ್ತಿದ್ದಳು. ಬೆಳೆ ಕಾಯುವವನು ರಾತ್ರಿ ಅಟ್ಟಣೆಯಿಂದ ಇಳಿಯದಿರುವುದನ್ನು ಯಾರೂ ಚಟ ಎನ್ನುವುದಿಲ್ಲ.

ತಂದೆ ತಾಯಿಗೆ ಹೇಳುವಾಗ ಕಾವ್ಯಳೂ ಇರಲಿಲ್ಲ, ಅವಳ ಫೋನೂ ಇರಲಿಲ್ಲ; ಅದು ಅವಳದೇ ಷರತ್ತು. ತಂದೆಯ ಮೊದಲ ಮಾತು ನಿರೀಕ್ಷಿಸಿದ್ದೇ: "ಇವಳು ಫೋಟೋ ಹಾಕಿದ್ದೇಕೆ?" ಈ ಪ್ರಶ್ನೆಯನ್ನು ಆರು ತಿಂಗಳ ನಂತರ ಕೇಳಿ, ಈಗ ಕೇಳಿದರೆ ಬೆದರಿಸಿದವನ ಕೆಲಸವನ್ನು ನೀವೇ ಮುಂದುವರಿಸಿದಂತಾಗುತ್ತದೆ ಎಂದೆ. ಸ್ವಲ್ಪ ಕಟುವಾಗಿಯೇ ಹೇಳಿದೆ. ಮನೆಗೆ ಹೋದ ಮೇಲೆ ಮಗಳಿಗೆ ಎರಡೇ ಮಾತು ಹೇಳಿ: ಫೋನ್ ನಿನ್ನ ಬಳಿಯೇ ಇರುತ್ತದೆ, ಇನ್ನು ಕಾಯುವ ಕೆಲಸ ನಮ್ಮದು.

ಆಮೇಲಿನದು ತುರ್ತಿನ ಕೆಲಸ. ಇನ್ನೊಂದು ರೂಪಾಯಿಯನ್ನೂ ಕಳುಹಿಸಬಾರದು. ಕೊಟ್ಟಷ್ಟೂ ಬೇಡಿಕೆ ಬೆಳೆಯುತ್ತದೆ. ಉತ್ತರ ಕೊಡಬಾರದು, ಬೈಯಲೂಬಾರದು. ಗಾಬರಿಯಲ್ಲಿ ಸಂಭಾಷಣೆಯನ್ನೋ ಖಾತೆಯನ್ನೋ ಅಳಿಸಿಹಾಕಬಾರದು. ಖಾತೆಯ ಹೆಸರು, ಕೊಂಡಿ, ಬೆದರಿಕೆಯ ಸಂದೇಶಗಳು, ಹಣ ಹೋದ ಯುಪಿಐ ವಿವರ, ಇವನ್ನೆಲ್ಲ ಉಳಿಸಿಕೊಂಡ ನಂತರವೇ ಬ್ಲಾಕ್ ಮಾಡುವುದು. ಆ ಚಿತ್ರವನ್ನು ಮಾತ್ರ ಯಾರಿಗೂ, ಸಹಾಯ ಕೇಳುವ ನೆಪದಲ್ಲೂ, ಫಾರ್ವರ್ಡ್ ಮಾಡಕೂಡದು. ಅಪ್ರಾಪ್ತರ ಅಶ್ಲೀಲ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ತಿರುಚಿ ಮಾಡಿದ ಚಿತ್ರವೂ ಇದರಲ್ಲಿ ಸೇರುತ್ತದೆ. ತಂದೆಗೆ ಪೊಲೀಸರ ಪರಿಚಯವಿರುವ ಭಾವನೊಬ್ಬರಿದ್ದರು. ಅವರಿಗೆ ವಾಟ್ಸ್ಆ್ಯಪ್ ಮಾಡಿ ಕೇಳುತ್ತೇನೆ ಎಂದು ಆಗಲೇ ಜೇಬಿಗೆ ಕೈ ಹಾಕಿದ್ದರು.

ದೂರಿನ ವಿಷಯದಲ್ಲಿ ಇಬ್ಬರೂ ಹಿಂಜರಿದರು. ಊರಿಗೆಲ್ಲ ಗೊತ್ತಾಗುತ್ತದೆ, ನಾಳೆ ಮದುವೆಗೆ ತೊಂದರೆ. ಇಂಥದ್ದು ತಿಳಿದ ಮೇಲೆ ವರದಿ ಮಾಡುವುದು ಪೋಕ್ಸೊ ಕಾಯ್ದೆಯ ಪ್ರಕಾರ ನನ್ನ ಮೇಲೂ ಇರುವ ಕರ್ತವ್ಯ, ನೀವು ಮಾಡದಿದ್ದರೆ ನಾನು ಮಾಡಬೇಕಾಗುತ್ತದೆ ಎಂದು ನೇರವಾಗಿ ತಿಳಿಸಿದೆ. ಅವರ ಮನಸ್ಸು ತಿರುಗಿದ್ದು ಈ ಎಚ್ಚರಿಕೆಯಿಂದಲ್ಲ, ಕಾಯ್ದೆಯಲ್ಲಿ ಮಗುವಿಗೆ ಇರುವ ರಕ್ಷಣೆಯನ್ನು ಕೇಳಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಅವಳು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಸಮವಸ್ತ್ರದಲ್ಲಿ ಬರಬಾರದು. ಹೆಸರು, ಶಾಲೆ, ಊರು ಪತ್ರಿಕೆಗಳಲ್ಲಿ ಬರುವಂತಿಲ್ಲ. ಇದನ್ನು ಕೇಳುತ್ತಿದ್ದ ತಾಯಿ ಮೊದಲ ಬಾರಿಗೆ ಗಂಡನ ಮುಖ ನೋಡಿ, "ನಾಳೆಯೇ ಹೋಗೋಣ" ಎಂದರು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ದೂರು ಕೊಟ್ಟರು, ಹೋದ ಹಣದ ಬಗ್ಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿದರು. ಇನ್‌ಸ್ಟಾಗ್ರಾಂಗೂ ದೂರು ಹೋಯಿತು, ಬೆದರಿಸಿದ ಖಾತೆ ಕೆಲವೇ ದಿನಗಳಲ್ಲಿ ಮಾಯವಾಯಿತು. ಅದರ ಹಿಂದಿದ್ದವರು ಇನ್ನೂ ಸಿಕ್ಕಿಲ್ಲ.

ರಾತ್ರಿ ನಿದ್ದೆ ಬಾರದೆ ಎದೆ ಹೊಡೆದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತನಾಡುತ್ತಾರೆ ಎಂದು ಕಾವ್ಯಳಿಗೆ ಹೇಳಿದ್ದೆ. ಒಮ್ಮೆ ಮಾಡಿದ್ದಳಂತೆ.

ಫೋನಿನ ನಿಯಮಗಳ ಮಾತು ಬಂದದ್ದು ಇದೆಲ್ಲ ತಣ್ಣಗಾದ ಮೇಲೆ. ಮಗಳಿಗೆ ತಿಳಿಯದಂತೆ ಅವಳ ಫೋನಿಗೆ ಗೂಢಚಾರಿ ಆ್ಯಪ್ ಹಾಕಿಸುವ ಯೋಚನೆ ತಂದೆಗಿತ್ತು. ನಾನು ಒಪ್ಪಲಿಲ್ಲ. ಅಂಥ ಕಣ್ಗಾವಲು ತಿಳಿದ ಮಕ್ಕಳು ಎರಡನೇ ಖಾತೆ ತೆರೆಯುತ್ತಾರೆ, ಗೆಳತಿಯ ಫೋನಿನಲ್ಲಿ ಲಾಗಿನ್ ಆಗುತ್ತಾರೆ. ಮನೆಯವರಿಗೆ ಕಾಣುವ ಖಾತೆಯಲ್ಲಿ ರಂಗೋಲಿ ಮಾತ್ರ ಇರುತ್ತದೆ. ಮಗಳಿಗೂ ಗೊತ್ತಿರುವಂತೆಯೇ ಸಮಯದ ಮಿತಿ ಹಾಕುವ ಫ್ಯಾಮಿಲಿ ಲಿಂಕ್‌ನಂಥ ವ್ಯವಸ್ಥೆ ಬೇರೆ ಮಾತು. ಹುಟ್ಟಿದ ವರ್ಷವನ್ನು ಕಾವ್ಯಳೇ ಸರಿಪಡಿಸಿದಳು, ಗುರುತಿಲ್ಲದವರನ್ನೆಲ್ಲ ಪಟ್ಟಿಯಿಂದ ತೆಗೆದಳು. ಅಮ್ಮ ಫಾಲೋ ಮಾಡುವುದಕ್ಕೆ ಖಡಾಖಂಡಿತ ಬೇಡ ಎಂದಳು. ಎಂಜಿನಿಯರಿಂಗ್ ಓದುವ ದೊಡ್ಡಮ್ಮನ ಮಗಳು ಆಗಬಹುದು ಎಂದಳು. ನನಗೆ ಅದು ಸಾಕೆನಿಸಿತು. ಹದಿನೈದರ ಹುಡುಗಿಗೆ ಅಮ್ಮನಲ್ಲದ ಒಬ್ಬ ದೊಡ್ಡವಳು ಬೇಕು.

ರಾತ್ರಿ ಹತ್ತರ ನಂತರ ಮೂರೂ ಫೋನುಗಳು ನಡುಮನೆಯಲ್ಲಿ ಚಾರ್ಜ್ ಆಗಬೇಕು ಎಂಬ ನಿಯಮಕ್ಕೆ ತಕರಾರು ಬಂದದ್ದು ತಂದೆಯಿಂದ. ಅಡಿಕೆ ಧಾರಣೆಯ ಸಂದೇಶಗಳು ರಾತ್ರಿಯೇ ಬರುತ್ತವಂತೆ. ಬೆಳಿಗ್ಗೆ ನೋಡಿದರೆ ಧಾರಣೆ ಬದಲಾಗಿರುತ್ತದೆಯೇ ಎಂದು ಮಗಳು ಕೇಳಿದಾಗ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ಆ ವಯಸ್ಸಿನಲ್ಲಿ ನಿದ್ದೆ ಬರುವುದೇ ತಡ ಎಂಬ ನನ್ನ ವಿವರಣೆಗಿಂತ ಆ ಪ್ರಶ್ನೆ ಹೆಚ್ಚು ಕೆಲಸ ಮಾಡಿತು.

ಉಳಿದಿದ್ದು ಹಣ ಕಳುಹಿಸಿದ ಗೆಳತಿ. ಅವಳ ತಾಯಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ. ತಿಳಿದರೆ ಆ ಮನೆಯಲ್ಲೂ ಒಂದು ಫೋನ್ ತಿಜೋರಿಗೆ ಹೋಗುವ ಸಂಭವವಿತ್ತು. ತಾನೇ ಹೋಗಿ ಹೇಳುತ್ತೇನೆ, 500 ರೂಪಾಯಿಯನ್ನೂ ಕೊಟ್ಟು ಬರುತ್ತೇನೆ ಎಂದು ಕಾವ್ಯಳ ತಾಯಿ ಒಪ್ಪಿಕೊಂಡರು. ಮುಂದಿನ ವಾರ ಆ ಇಬ್ಬರು ತಾಯಂದಿರೂ ಒಟ್ಟಿಗೆ ನನ್ನ ಬಳಿ ಬಂದಿದ್ದರು.