ಮಾಳಿಗಿ ಮ್ಯಾಲಿನ ಕಾಯಿಪಲ್ಯ: ಈ ತಿಂಗಳ ಪ್ರಶ್ನೆಗಳು

ಈ ಸಲ ಬಂದ ಕಾಗದದಾಗ ಅರ್ಧಕ್ಕಿಂತ ಜಾಸ್ತಿ ಟೊಮೆಟೊ ಬಗ್ಗೇನೇ ಅವ. ಮೇ ತಿಂಗಳಲ್ರಿ, ತಿಳೀತದ. ಅದಕ್ಕ ಅದನ್ನೇ ಮೊದಲ ತಗೊಂಡೀನಿ, ಉದ್ದಕ್ಕ ಬರದೀನಿ. ಗುಲಾಬಿ, ಮನಿಪ್ಲಾಂಟ್ ಕೇಳಿದವರು ಸಿಟ್ಟಾಗಬ್ಯಾಡ್ರಿ, ತಿನ್ನಲಾರದ ಗಿಡದ ಗೊಡವಿಗೆ ನಾ ಹೋಗಂಗಿಲ್ಲ.

ಪ್ರಶ್ನೆ: ಮೂರನೇ ಮಹಡಿಯ ಮಾಳಿಗೆ ಮೇಲೆ ಕುಂಡಗಳಲ್ಲಿ ಟೊಮೆಟೊ ಹಚ್ಚಿದ್ದೇನೆ. ಗಿಡ ಎದೆಯೆತ್ತರ ಬೆಳೆದಿದೆ, ಗೊಂಚಲುಗೊಂಚಲಾಗಿ ಹೂವೂ ಬಿಡುತ್ತದೆ. ಆದರೆ ಏಪ್ರಿಲ್‌ನಿಂದ ಒಂದು ಕಾಯಿಯೂ ನಿಂತಿಲ್ಲ. ಹೂವು ತೊಟ್ಟಿನ ಗಂಟಿನಲ್ಲೇ ಮುರಿದು ಬೀಳುತ್ತದೆ. ಅಂಗಡಿಯವರು ಹಾರ್ಮೋನ್ ಔಷಧಿ ಕೊಟ್ಟಿದ್ದಾರೆ. ಹೊಡೆಯಲೇ?
— ಗೃಹಿಣಿ, ಕಲಬುರಗಿ

ಉತ್ತರ: ಹೊಡೀಬ್ಯಾಡ್ರಿ. ಗಿಡಕ್ಕ ಬಂದದ್ದು ರೋಗ ಅಲ್ಲ, ಬಿಸಿಲು. ಹಗಲು 35 ಡಿಗ್ರಿ ದಾಟಿ, ರಾತ್ರಿನೂ 24ರ ಕೆಳಗ ಇಳೀಲಿಲ್ಲ ಅಂದ್ರ ಟೊಮೆಟೊ ಹೂವಿನ ಪರಾಗ ಕೆಲಸಕ್ಕ ಬರಂಗಿಲ್ಲ. ಪರಾಗ ಇಲ್ಲದ ಹೂವನ್ನ ಗಿಡ ಯಾಕ ಸಾಕ್ತದ? ತೊಟ್ಟು ಬಿಟ್ಟು ಕೈ ತೊಳಕೋತದ. ನಮ್ಮ ಊರಾಗ ಈಗ ಹಗಲು 40ರ ಮ್ಯಾಲ, ರಾತ್ರಿ 26-27. ಅದರಾಗ ನಿಮ್ಮ ಸಿಮೆಂಟ್ ಮಾಳಿಗಿ ಹಗಲು ಕುಡಿದ ಬಿಸಿ ಮಲಗೋ ಹೊತ್ತಿನ ತನಕ ಉಗುಳ್ತಿರ್ತದ. ಹಾರ್ಮೋನ್ ಹೊಡೆದ್ರ ನಾಕು ಕಾಯಿ ನಿಲ್ಲಬಹುದು. ಸಣ್ಣವು, ಒಳಗ ಪೊಳ್ಳು. ಅದಕ್ಕ ರೊಕ್ಕ ಹಾಕಬ್ಯಾಡ್ರಿ.

ಈ ತ್ರಾಸಿನ ಬುಡ ಎಲ್ಲದ ಅಂದ್ರ ಬೀಜದ ಪಾಕೀಟಿನ ಹಿಂದ. ‘ವರ್ಷವಿಡೀ ಬೆಳೆಯಬಹುದು’ ಅಂತ ಅಲ್ಲಿ ಅಚ್ಚ ಹಾಕಿರ್ತಾರ. ಬೆಂಗಳೂರಾಗ ಬೆಳೀಬಹುದು, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಾಗ ಕೂತ ಊರು ಅದು. ಕಲಬುರಗಿ ಅದರ ಅರ್ಧ ಎತ್ತರ. ಅವರ ಪಂಚಾಂಗ ನಮಗ ಕೂಡಂಗಿಲ್ಲ. ನಮ್ಮದು ಹಿಂಗ: ಆರಿದ್ರಾ ಮಳಿಗೆ, ಅಂದ್ರ ಜೂನ್ ಕಡೀ ವಾರ, ಟ್ರೇದಾಗ ಬೀಜ ಹಾಕ್ರಿ. ನಾಗರಪಂಚಮಿ ಸುತ್ತ ಸಸಿ ಕುಂಡಕ್ಕ ಹಚ್ರಿ. ದಸರಾಕ್ಕ ಮೊದಲ ಕಾಯಿ. ಅಲ್ಲಿಂದ ಶಿವರಾತ್ರಿ ತನಕ ನಿಮ್ಮ ಮನಿಯವರು ‘ಮತ್ತ ಟೊಮೆಟೊ ಗೊಜ್ಜಾ?’ ಅಂತ ಬ್ಯಾಸರ ಮಾಡ್ಕೋಬೇಕು, ಹಂಗ ಬರ್ತದ.

ಈಗಿರೋ ಗಿಡ? ಕಿತ್ತು ಹಾಕ್ರಿ. ‘ಅಯ್ಯೋ, ಇಷ್ಟು ಎತ್ತರ ಬೆಳದದ’ ಅಂತೀರಿ, ಗೊತ್ತದ. ಕತ್ತರಿಸಿ, ನೆರಳು ಮಾಡಿ ಮಳಿ ತನಕ ಕಾಯೋರೂ ಇದ್ದಾರ. ಆದ್ರ ಹಳೇ ಗಿಡದಾಗ ಬಿಳಿನೊಣ ಮನಿ ಮಾಡಿರ್ತದ, ಎಲಿ ಮುರುಟೋ ವೈರಸ್ ಹೊಸ ಸಸಿಗೆ ಅಲ್ಲಿಂದನೇ ದಾಟ್ತದ.

ಕುಂಡ ಖಾಲಿ ಇಡಬ್ಯಾಡ್ರಿ. ಈ ಬಿಸಿಲಿಗೂ ಜಗ್ಗಲಾರದವು ಅವ: ಪುಂಡಿಪಲ್ಯ, ರಾಜಗಿರಿ, ಚವಳಿಕಾಯಿ (ಗೋರಿಕಾಯಿ), ಬೆಂಡಿ. ಬೆಂಡಿಗೆ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ತರ್ರಿ, ಹಳದಿ ನಂಜು ರೋಗ ತಡೀಲಿ ಅಂತನೇ ಮಾಡಿದ ತಳಿ ಅದು. ಚವಳಿಗೆ ‘ಪೂಸಾ ನವಬಹಾರ್’. ಮ್ಯಾಲ 35 ಪರ್ಸೆಂಟ್ ಬಿಸಿಲು ತಡಿಯೋ ನೆರಳು ಬಲಿ ಕಟ್ರಿ. ಅಂಗಡ್ಯಾಗ 75ರದ್ದು ಕೊಡಲಿಕ್ಕೆ ನೋಡ್ತಾರ, ತಗೋಬ್ಯಾಡ್ರಿ. ಅದರ ಕೆಳಗ ಗಿಡ ಉದ್ದ ಆಗ್ತದ, ಕಾಯಿ ಹಿಡಿಯಂಗಿಲ್ಲ. ನೆತ್ತಿ ಮ್ಯಾಲಿನ ಬಿಸಿಲಿಗಿಂತ ಕುಂಡದ ಮೈಗೆ ಬಡಿಯೋ ಪಡುವಣ ಬಿಸಿಲು ಕೆಟ್ಟದ್ದು. ಕರೀ ಪ್ಲಾಸ್ಟಿಕ್ ಕುಂಡದಾಗ ಬೇರು ಬೇಯ್ತಾವ. ಗೋಣಿತಾಟು ಸುತ್ರಿ, ಕುಂಡದ ಕೆಳಗ ಎರಡು ಇಟ್ಟಿಗಿ ಇಡ್ರಿ. ನೀರು ಮುಂಜಾನೆ ಬಿಸಿಲು ಏರೋದ್ರಾಗ ಹಾಕಿ ಮುಗಸ್ರಿ. ಮಧ್ಯಾಹ್ನ ಪೈಪಿನಾಗ ನಿಂತ ನೀರು ಮುಟ್ಟಿ ನೋಡೀರೇನು? ಅದರಾಗ ಚಹಾ ಸೋಸಬಹುದು.

ಪ್ರಶ್ನೆ: ನಮ್ಮ ಹೊಲದ ಕಪ್ಪು ಮಣ್ಣನ್ನೇ ಬಣ್ಣದ ಬಕೆಟ್‌ಗಳಲ್ಲಿ ತುಂಬಿ ಬದನೆ, ಮೆಣಸಿನಕಾಯಿ ಹಚ್ಚಿದ್ದೇನೆ. ಹತ್ತಿ, ತೊಗರಿ ಚೆನ್ನಾಗಿ ಬರುವ ಮಣ್ಣು. ಬಕೆಟ್‌ನಲ್ಲಿ ಮಾತ್ರ ಗಿಡ ಬಾಡುತ್ತದೆ. ನೀರು ಹಾಕಿದ ಕೂಡಲೇ ತಳದ ತೂತಿನಿಂದ ಓಡಿಹೋಗುತ್ತದೆ.
— ರೈತ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಎರಿ ಮಣ್ಣಿನ ಗುಣ ನಿಮಗ ನಾ ಹೇಳೋದೇನದ? ಹಸಿ ಆದ್ರ ಉಬ್ಬತದ, ಒಣಗಿದ್ರ ಬಿರೀತದ. ಹೊಲದಾಗ ಆ ಬಿರುಕು ಕಾಲು ಸಿಗೋವಷ್ಟು ಅಗಲ ಆಗ್ತದಲ್ರಿ, ಬಕೆಟಿನಾಗ ಅದೇ ಬಿರುಕು ಅಂಚಿನ ಸುತ್ತ ಬೀಳ್ತದ. ಮಣ್ಣಿನ ಹೆಂಟಿ ಬಕೆಟಿನ ಗೋಡಿ ಬಿಟ್ಟು ಒಳಗ ಸರೀತದ. ನೀವು ಹಾಕಿದ ನೀರು ಆ ಸಂದಿನಾಗ ಇಳಿದು ತೂತಿನಿಂದ ಹೊರಗ. ನಡುವಿನ ಬೇರಿಗೆ ಹನಿ ಮುಟ್ಟಿರಂಗಿಲ್ಲ. ಮಳಿಗಾಲದಾಗ ಇದರ ಉಲ್ಟಾ: ಉಬ್ಬಿ ತೂತು ಮುಚ್ಚಿ, ಗಾಳಿ ಇಲ್ಲದ ಬೇರು ಕೊಳೀತದ. ಹೊಲದಾಗ ತೊಗರಿ ಬೇರು ಆಳಕ್ಕ ಹೋಗಿ ಬದುಕ್ತದ, ಬಕೆಟಿನಾಗ ಹೋಗೋದಾದ್ರೂ ಎಲ್ಲಿಗೆ?

ಎರಿ ಪೂರಾ ಬಿಡ್ರಿ ಅಂತ ನಾ ಹೇಳಂಗಿಲ್ಲ, ನೀರು-ಗೊಬ್ಬರ ಹಿಡಿಯೋ ತಾಕತ್ತು ಅದರಾಗ ಅದ. ನಾಕರಾಗ ಒಂದು ಪಾಲು ಸಾಕು. ಇನ್ನೊಂದು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಪೂರಾ ಕಳಿತ ತಿಪ್ಪಿಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಈ ಪುಡಿ 5 ಕಿಲೋದ ಇಟ್ಟಿಗಿ ಆಗಿ ಸಿಗ್ತದ, ನೀರಾಗ ಹಾಕಿದ್ರ ಸುಮಾರು 70 ಲೀಟರ್ ಆಗಿ ಉಬ್ಬತದ. ಎರಡು ಸಲ ತೊಳದು ನೀರು ಚೆಲ್ರಿ, ಅದರಾಗ ಉಪ್ಪಿರ್ತದ. ಗೊಬ್ಬರ ಮುಟ್ಟಿದ್ರ ಬೆಚ್ಚಗಿದ್ರ ಇನ್ನೂ ಕಳಿತಿಲ್ಲ ಅಂತ ತಿಳೀರಿ. ಮ್ಯಾಲ ಎರಡು ಬೆರಳು ದಪ್ಪ ಕಣಿಕಿ ಕತ್ತರಿಸಿ ಹಾಸ್ರಿ. ನಿಮ್ಮ ಹೊಲದಾಗ ಪುಕ್ಕಟೆ ಸಿಗೋದಕ್ಕ ಪ್ಯಾಟಿ ಮಂದಿ ರೊಕ್ಕ ಕೊಡ್ತಾರ.

ಈಗ ಬಾಡಿದ ಗಿಡ ಉಳಿಸಬೇಕಂದ್ರ ಬಕೆಟನ್ನ ದೊಡ್ಡ ಬುಟ್ಟಿ ನೀರಾಗ ಅರ್ಧ ತಾಸು ಇಳಿಬಿಟ್ಟು ಇಡ್ರಿ. ಕೆಳಗಿಂದ ನೀರು ಏರಿ ಹೆಂಟಿ ಮತ್ತ ಗೋಡಿಗೆ ಕೂಡ್ತದ.

ನೀವು ಕೇಳದೇ ಇದ್ದರೂ ಒಂದು ಮಾತು. 20 ಲೀಟರಿನ ಬಕೆಟಿನಾಗ ಹಸಿ ಎರಿ ತುಂಬಿದ್ರ ಹತ್ತಿರಹತ್ತಿರ 35 ಕಿಲೋ ಭಾರ. ಮಂದಿ ಓಡಾಡೋ ಮಾಳಿಗಿಗೆ ಕಟ್ಟಡದ ನಿಯಮದಾಗ ಚದರ ಮೀಟರಿಗೆ ಸುಮಾರು 150 ಕಿಲೋ ಭಾರ ಲೆಕ್ಕ ಹಿಡೀತಾರ. ನಾಕು ಬಕೆಟ್ ಒತ್ತಟ್ಟಿಗೆ ಇಟ್ರ ಆ ಲೆಕ್ಕ ಮುಗೀತು. ಗೋಡಿ ಮತ್ತ ತೊಲಿ ಇದ್ದ ಕಡೀನೇ ಸಾಲು ಹಚ್ರಿ. ಹಳೇ ಫರಸಿ ಕಲ್ಲಿನ ಮಾಳಿಗಿ ಇದ್ದವರು ನಡು ಫರಸಿ ಮ್ಯಾಲ ಒಂದೂ ಇಡಬ್ಯಾಡ್ರಿ.

ಪ್ರಶ್ನೆ: ಬೋರ್‌ವೆಲ್ ನೀರು ಹಾಕುತ್ತೇವೆ. ಮಣ್ಣಿನ ಕುಂಡದ ಹೊರಗೆಲ್ಲ ಬಿಳಿ ಪದರು ಕೂತಿದೆ. ಮೆಣಸಿನ ಗಿಡದ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಮೊಟ್ಟೆಯ ಸಿಪ್ಪೆ ಪುಡಿ ಹಾಕಿದರೆ ಸರಿಹೋಗುತ್ತದೆಯೇ?
— ಶಹಾಬಾದ್

ಉತ್ತರ: ಶಹಾಬಾದಿನವರು ತತ್ತಿ ಸಿಪ್ಪಿ ಹಾಕೋದಾ! ನಿಮ್ಮ ಊರು ಕೂತದ್ದೇ ಸುಣ್ಣದಕಲ್ಲಿನ ಮ್ಯಾಲ. ನಾವೆಲ್ಲ ಮನ್ಯಾಗ ಹಾಸೋ ಫರಸಿನೂ ಅದೇ ಕಲ್ಲು. ಬೋರಿನ ನೀರು ಆ ಕಲ್ಲಿನ ಸಂದಿನಾಗಿಂದ ಸುಣ್ಣ ಕರಗಿಸಿಕೊಂಡೇ ಬರ್ತದ. ಕುಂಡದ ಬಿಳಿ ಪದರು ಅದೇ. ಸುಣ್ಣ ಜಾಸ್ತಿ ಆದಾಗ ಮಣ್ಣಿನಾಗ ಕಬ್ಬಿಣ ಇದ್ದರೂ ಬೇರಿಗೆ ಸಿಗಂಗಿಲ್ಲ, ಅದಕ್ಕ ಹೊಸ ಎಲಿ ಹಳದಿ. ಹಳೇ ಎಲಿ ಹಳದಿ ಆಗಿದ್ರ ಅದು ಬ್ಯಾರೆ ಮಾತು, ಹೆಚ್ಚಾಗಿ ಸಾರಜನಕದ ಕೊರತಿ.

ಕಬ್ಬಿಣ ಇರೋ ಲಘು ಪೋಷಕಾಂಶದ ಪುಡಿ, ‘ಅರ್ಕಾ ವೆಜಿಟೇಬಲ್ ಸ್ಪೆಷಲ್’ನಂಥದ್ದು, ಪಾಕೀಟಿನ ಮ್ಯಾಲ ಬರದಷ್ಟೇ ನೀರಿಗೆ ಕೂಡಿಸಿ ಸಂಜೀಕ ಎಲಿಗೆ ಸಿಂಪಡಿಸ್ರಿ. ಮಣ್ಣಿಗೆ ಹಾಕಿದ್ರ ಅದನ್ನೂ ಸುಣ್ಣ ಕಟ್ಟಿ ಹಾಕ್ತದ. ಮಳಿ ಶುರು ಆದ ಮ್ಯಾಲ ಕುಂಡಗಳನ್ನ ಸೂರಿನ ಕೆಳಗಿಂದ ಹೊರಗ ತೆಗದು ಬಯಲಿಗಿಡ್ರಿ, ಒಂದು ದೊಡ್ಡ ಮಳಿ ಒಳಗಿನ ಉಪ್ಪೆಲ್ಲ ತೊಳೀತದ. ಡ್ರಮ್ಮಿನಾಗ ಮಳಿನೀರು ಹಿಡಿದು ಬೋರಿನ ನೀರಿಗೆ ಅರ್ಧಕ್ಕರ್ಧ ಕೂಡಿಸಿದ್ರ ಇನ್ನೂ ಚೊಲೊ. ಕುಡಿಯೋ ನೀರಿನ ಫಿಲ್ಟರ್ ಹೊರಗ ಬಿಡೋ ನೀರನ್ನ ಗಿಡಕ್ಕ ಹಾಕಬ್ಯಾಡ್ರಿ, ಉಪ್ಪೆಲ್ಲ ಅದರಾಗೇ ಇರ್ತದ. ಅದು ಅಂಗಳ ತೊಳೀಲಿಕ್ಕೆ ಇರಲಿ.

ಪ್ರಶ್ನೆ: ಮಂಗಗಳಿಗೆ ಏನು ಮಾಡಬೇಕು?
— ಕಲಬುರಗಿ, ಬೀದರ್‌ನಿಂದ ಹಲವರು

ಉತ್ತರ: ಕೋಳಿ ಜಾಳಗಿಯ ಪಂಜರ ಕಟ್ರಿ. ಗಂಟಿ, ಕನ್ನಡಿ, ರಬ್ಬರಿನ ಹಾವು ಎಲ್ಲಾ ಒಂದು ವಾರದ ಆಟ.

ಪ್ರಶ್ನೆ: ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಹೀರೆ ಬಳ್ಳಿ ಇದೆ. ಬೆರಳುದ್ದದ ಮಿಡಿ ಬಂದು, ಹಳದಿಯಾಗಿ ಒಣಗುತ್ತದೆ. ಹಾಗಲಕ್ಕೂ ಹೀಗೇ. ದಿನಾ ಬೆಳಿಗ್ಗೆ ಗಂಡು ಹೂವಿನಿಂದ ಹೆಣ್ಣು ಹೂವಿಗೆ ಪರಾಗ ತಾಗಿಸುತ್ತೇನೆ. ಹಾಗಲ ಸರಿಹೋಯಿತು, ಹೀರೆ ಸರಿಹೋಗಲಿಲ್ಲ.
— ಶಿಕ್ಷಕಿ, ಬೀದರ್

ಉತ್ತರ: ಭಾಳ ಚೊಲೊ ಪ್ರಶ್ನಿ, ಟೀಚರ್. ನೀವು ಕೆಲಸ ಬರೋಬ್ಬರಿ ಮಾಡೀರಿ, ಹೊತ್ತು ತಪ್ಪದ. ಹಾಗಲ, ಸೌತಿ ಹೂವು ಅರಳೋದು ಮುಂಜಾನೆ. ಹೀರಿ ಹೂವು ಅರಳೋದು ಸಂಜೀಕ, ಬಿಸಿಲು ಇಳಿದ ಮ್ಯಾಲ. ನೀವು ಮುಂಜಾನೆ ಹೋಗೋದ್ರಾಗ ಅದರ ಆಟ ಮುಗದಿರ್ತದ. ಸಂಜೀ ಆರರಿಂದ ಏಳರೊಳಗ ಹೊಸದಾಗಿ ಅರಳಿದ ಗಂಡು ಹೂವು ಕಿತ್ತು, ಪಕಳಿ ಹಿಂದ ಮಡಚಿ, ಮಿಡಿ ಇದ್ದ ಹೆಣ್ಣು ಹೂವಿನ ನಡುವಿಗೆ ಮೆಲ್ಲಕ ಒತ್ತಿ ತಾಗಿಸ್ರಿ. ಸೋರಿಕಾಯಿಗೂ ಸಂಜೀನೇ. ಮೊದಲ ಎರಡು ವಾರ ಬರೇ ಗಂಡು ಹೂವು ಬಂದ್ರ ಗಾಬರಿ ಬ್ಯಾಡ, ಬಳ್ಳಿಯ ರೂಢಿನೇ ಹಂಗ.

ಹೀರಿಗೆ 25-30 ಲೀಟರಿನ ಚೀಲ ಬೇಕು, ಸಣ್ಣದರಾಗ ಮಿಡಿ ನಿಲ್ಲಂಗಿಲ್ಲ. ಚಪ್ಪರಕ್ಕ ಪ್ಲಾಸ್ಟಿಕ್ ಜಾಳಗಿ ಯಾಕ? ಜನವರಿ-ಫೆಬ್ರವರಿದಾಗ ತೊಗರಿ ರಾಶಿ ಮುಗಿದ ಮ್ಯಾಲ ಯಾವ ಹಳ್ಳಿಗೆ ಹೋದ್ರೂ ತೊಗರಿ ಕಟ್ಟಿಗಿ ಸಿಗ್ತದ. ಕವಲು ಕವಲು ಇರ್ತದಲ್ರಿ, ಬಳ್ಳಿ ತಾನೇ ಹಿಡಕೊಂಡು ಏರ್ತದ. ನಿಮ್ಮ ಊರಿನ ಕೆಂಪು ಜಂಬಿಟ್ಟಿಗೆ ಮಣ್ಣು ಎರಿಯಂಗ ಬಿರಿಯಂಗಿಲ್ಲ, ಆದ್ರ ಸತ್ವ ಕಡಿಮಿ. ಅದಕ್ಕ ಮಣ್ಣಿನಷ್ಟೇ ಗೊಬ್ಬರ ಕೂಡಿಸ್ರಿ. ಇನ್ನೂ ಕೇಳೋದಿದ್ರ ಬೀದರಿನಾಗೇ ತೋಟಗಾರಿಕೆ ಕಾಲೇಜ್ ಅದ, ಅಲ್ಲಿ ಹೋಗಿ ಕೇಳ್ರಿ.

ಪ್ರಶ್ನೆ: ಮೆಣಸಿನ ಗಿಡದ ಎಲೆ ಮುರುಟುತ್ತಿದೆ. ಬೇವಿನೆಣ್ಣೆ ಸಾಕೇ?
— ಸುರಪುರ

ಉತ್ತರ: ಎಲಿ ಯಾವ ಕಡಿ ಮುರುಟ್ಯದ ಅಂತ ಬರದಿಲ್ಲ. ಅಂಚು ಮ್ಯಾಲಕ್ಕ ದೋಣಿಯಂಗ ಮಡಚಿದ್ರ ಥ್ರಿಪ್ಸ್, ಅಂದ್ರ ರಸ ಹೀರೋ ಸಣ್ಣ ಹುಳ. ಕೆಳಗ ಮಡಚಿ ಎಲಿ ತೊಟ್ಟು ಉದ್ದ ಆಗಿದ್ರ ನುಸಿ. ಥ್ರಿಪ್ಸಿಗೆ ಬೇವಿನೆಣ್ಣಿ ಲೀಟರಿಗೆ 5 ಮಿಲಿ, ಸಾಬೂನಿನ ನೀರು ನಾಕು ಹನಿ, ಸಂಜೀಕ, ಎಲಿಯ ಕೆಳಗಿನ ಮೈಗೆ. ನುಸಿಗೆ ನೀರಾಗ ಕರಗೋ ಗಂಧಕ ಲೀಟರಿಗೆ 3 ಗ್ರಾಂ. ಆದ್ರ ಈ ಬಿಸಿಲಿನಾಗ ಗಂಧಕ ಹೊಡೆದ್ರ ಎಲಿ ಸುಟ್ಟು ಹೋಗ್ತದ, ಮಳಿ ಬಿದ್ದು ತಂಪಾಗೋ ತನಕ ಮುರುಟಿದ ಕುಡಿ ಚಿವುಟಿ ಒಗೀರಿ. ಜೂನ್-ಜುಲೈದಾಗ ಬೇವಿನಹಣ್ಣು ಉದುರ್ತಾವ, ಆರಿಸಿ ಒಣಗಿಸಿ ಇಟ್ಕೋರಿ. ಒಳಗಿನ ತಿರುಳು 50 ಗ್ರಾಂ ಕುಟ್ಟಿ ಲೀಟರ್ ನೀರಾಗ ರಾತ್ರಿ ನೆನಸಿ ಸೋಸಿದ್ರ ಅಂಗಡಿ ಎಣ್ಣಿಯ ಹಂಗಿಲ್ಲ.

ಪ್ರಶ್ನೆ: ಹೊಲ ಮಾರಿ ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿದ್ದೇವೆ. ಎಳ್ಳಮಾವಾಸ್ಯೆಯ ಭಜ್ಜಿಗೆ (ಸೊಪ್ಪು, ಹಸಿಕಾಳು ಕೂಡಿಸಿ ಮಾಡುವ ಪಲ್ಯ) ಬೇಕಾದ ಸೊಪ್ಪನ್ನು ಕುಂಡದಲ್ಲೇ ಬೆಳೆಯಬಹುದೇ? ಜಾಗ ಒಂದು ಹೊರಸಿನಷ್ಟು.
— ಕಲಬುರಗಿ

ಉತ್ತರ: ಸೊಪ್ಪು ಬೆಳೀಬಹುದು. ಹಸಿ ತೊಗರಿಕಾಳು, ಅವರಿಕಾಳು, ಬಟಾಣಿ ಮಾತ್ರ ಕಣ್ಣಿ ಮಾರ್ಕೆಟಿನಿಂದನೇ ಬರಬೇಕು, ಹೊರಸಿನಷ್ಟು ಜಾಗದಾಗ ಅವು ಒಂದು ಮುಷ್ಟಿನೂ ಸಿಗಂಗಿಲ್ಲ.

ಅರ್ಧ ಅಡಿ ಆಳದ ಟಬ್ ಸಾಕು. ಅಮಾಸಿಯಿಂದ ಹಿಂದಕ್ಕ ಎಣಸ್ರಿ. ಪಾಲಕ, ಸಬ್ಬಸಗಿ 40 ದಿನ ಮೊದಲ. ಮೆಂತ್ಯ 30 ದಿನ ಮೊದಲ, ಒತ್ತೊತ್ತಾಗಿ. ಹಸಿ ಉಳ್ಳಾಗಡ್ಡಿಗೆ ಸಣ್ಣ ಗಡ್ಡಿ ಅದೇ ಹೊತ್ತಿಗೆ ಊರ್ರಿ. ಕಡ್ಲಿ ಹುಲುಸಾಗಿ ಬೆಳದಾಗ ಕುಡಿ ಚಿವುಟ್ರಿ, ಚಿವುಟಿದಷ್ಟೂ ಕವಲು ಒಡೀತದ. ಕೊತ್ತಂಬರಿ ಬೀಜ ಇಡೀ ಹಾಕಬ್ಯಾಡ್ರಿ. ಚಪ್ಪಲಿಯಿಂದ ಮೆಲ್ಲಕ ತಿಕ್ಕಿ ಎರಡು ಹೋಳು ಮಾಡಿ ರಾತ್ರಿ ನೆನಸಿ ಹಾಕ್ರಿ, ಆದ್ರೂ ಮೊಳಕಿಗೆ ಹತ್ತು-ಹದಿನೈದು ದಿನ ಬೇಕು. ಚಳಿಗಾಲ ಆದ್ದರಿಂದ ನೆರಳು ಬಲಿ ಪೂರಾ ತೆಗೀರಿ. ಪುಂಡಿ ಆಗ ನಿಧಾನ ಬೆಳೀತದ, ಅದನ್ನ ದೀಪಾವಳಿಗಿಂತ ಮುಂಚೇನೇ ಹಾಕಿಡ್ರಿ. ಬೀಜಕ್ಕ ಪಾಕೀಟು ಬ್ಯಾಡ. ಮೆಂತ್ಯ, ಕೊತ್ತಂಬರಿ, ಕಡ್ಲಿ ಕಿರಾಣಿ ಅಂಗಡೀದೇ ನಡೀತದ, ಈ ವರ್ಷದ ಮಾಲು ಅದನೋ ಇಲ್ಲೋ ಅಂತ ಕೇಳಿ ತಗೋರಿ.