ಆಸ್ಟ್ರೇಲಿಯಾದ ಜಿಎಸ್‌ಎಂ ರೆಡ್ ವೈನ್ ಸವಿಯುವುದು ಹೇಗೆ?

ಜಿಎಸ್‌ಎಂ ಅಂದರೆ ಮೂರು ದ್ರಾಕ್ಷಿ ತಳಿಗಳ ಮೊದಲಕ್ಷರ: ಗ್ರೆನಾಶ್, ಶಿರಾಜ್, ಮೂರ್ವೆಡ್ರ್. ದಕ್ಷಿಣ ಆಸ್ಟ್ರೇಲಿಯಾದ ಬರೋಸಾ, ಮೆಕ್‌ಲಾರೆನ್ ವೇಲ್ ಕಡೆ ಈ ಮಿಶ್ರಣ ಹೆಸರುವಾಸಿ.

ಮೊದಲು ಬಾಟಲಿಯನ್ನು 20 ನಿಮಿಷ ಫ್ರಿಜ್ಜಿನಲ್ಲಿಡಿ. ರೆಡ್ ವೈನನ್ನು ರೂಮಿನ ಬಿಸಿಯಲ್ಲೇ ಕುಡಿಯಬೇಕು ಅನ್ನೋದು ಯುರೋಪಿನ ಚಳಿ ಮನೆಗಳ ಮಾತು. ಇದರಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 14-15% ಇರುತ್ತದೆ. ಬೆಚ್ಚಗಿದ್ದರೆ ಮೂಗಿಗೆ ಅದೇ ಹೊಡೆಯುತ್ತದೆ. 16-18 ಡಿಗ್ರಿ ಇದ್ದರೆ ಚೆನ್ನ.

ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ. ಒಮ್ಮೆ ಸುಮ್ನೆ ಮೂಸಿ, ಆಮೇಲೆ ಗ್ಲಾಸು ತಿರುಗಿಸಿ ಮತ್ತೆ ಮೂಸಿ. ಸ್ಟ್ರಾಬೆರಿ ಥರದ ಸಿಹಿ ವಾಸನೆ ಗ್ರೆನಾಶ್‌ನದು. ಗಾಢ ಬಣ್ಣ, ಆಗಷ್ಟೇ ಕುಟ್ಟಿದ ಕರಿಮೆಣಸಿನ ಘಾಟು ಶಿರಾಜ್‌ನದು. ಇದು ಬರೀ ಕಲ್ಪನೆ ಅಲ್ಲ, ಮೆಣಸಿನಲ್ಲೂ ಶಿರಾಜ್‌ನಲ್ಲೂ ಆ ವಾಸನೆ ಕೊಡುವುದು ರೊಟಂಡೋನ್ ಅನ್ನುವ ಒಂದೇ ವಸ್ತು. ನುಂಗಿದ ಮೇಲೆ, ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಸಡು ಒಗರಾಗಿ ಹಿಡಿಯುತ್ತದಲ್ವಾ? ಅದು ಟ್ಯಾನಿನ್. ಅದರಲ್ಲಿ ಮೂರ್ವೆಡ್ರ್ ಪಾಲು ಜಾಸ್ತಿ.

ಇನ್ನೊಂದು ಮಾತು. ತಿರುಪು ಮುಚ್ಚಳ ನೋಡಿ ಅಗ್ಗದ ಮಾಲು ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ದುಬಾರಿ ವೈನ್‌ಗಳಿಗೂ ಅದನ್ನೇ ಹಾಕುತ್ತಾರೆ.