ಹನ್ನೆರಡು ಜನ ಕೂರಲೇಬೇಕಾ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಫ್ಲಾರಿಡಾದಲ್ಲಿರುವ ಮಗಳಿಗೆ ಅಲ್ಲಿನ ಪೌರತ್ವ ಸಿಕ್ಕಿದೆ. ಈಗ ಜ್ಯೂರಿಯಲ್ಲಿ ಕೂತಿದ್ದಾಳೆ. ದರೋಡೆ ಕೇಸಂತೆ. ಇರೋದು ಆರೇ ಜನ ಅಂತಾಳೆ. ಸಿನಿಮಾದಲ್ಲಿ ಹನ್ನೆರಡು ಜನ ಇರ್ತಾರಲ್ಲ? ಅವರಲ್ಲಿ ಒಬ್ಬ ಒಪ್ಪದಿದ್ದರೂ ಆರೋಪಿ ಬಚಾವಂತೆ, ಹೌದಾ?’

ಜ್ಯೂರಿ ಅಂದರೆ ಕೋರ್ಟಿನಲ್ಲಿ ವಿಚಾರಣೆ ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು. ಮಗಳ ಲೆಕ್ಕ ಸರಿ. ಫ್ಲಾರಿಡಾದಲ್ಲಿ ಮರಣದಂಡನೆ ಆಗಬಹುದಾದ ಕೇಸಿಗೆ 12 ಜನ, ಉಳಿದ ಕ್ರಿಮಿನಲ್ ಕೇಸುಗಳಿಗೆ ಆರೇ. ಅಲ್ಲಿನದೇ ಒಂದು ದರೋಡೆ ಕೇಸು 1970ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹನ್ನೆರಡು ಅನ್ನೋದು ಚರಿತ್ರೆಯಲ್ಲಿ ಆಕಸ್ಮಿಕವಾಗಿ ಬಂದ ಸಂಖ್ಯೆ, ಆರು ಸಾಕು ಎಂದಿತು ಕೋರ್ಟು. ಜಾರ್ಜಿಯಾ ರಾಜ್ಯದವರು ಐದಕ್ಕೆ ಇಳಿಸಿದ್ದರು. 1978ರಲ್ಲಿ ಅದು ಬಿದ್ದುಹೋಯಿತು. ಗುಂಪು ಚಿಕ್ಕದಾದಷ್ಟೂ ಚರ್ಚೆ ಕಮ್ಮಿ, ಬೇರೆ ಮಾತಾಡುವವನು ಒಂಟಿಯಾಗಿಬಿಡುತ್ತಾನೆ. ಆರಕ್ಕೂ ಇದೇ ಮಾತು ಹೇಳಬಹುದಿತ್ತಲ್ವಾ ಅಂತ ನನಗೆ ಈಗಲೂ ಅನ್ನಿಸುತ್ತೆ.

ಎರಡನೆಯದು ಮಾತ್ರ ಪೂರ್ತಿ ನಿಜವಲ್ಲ. ಒಬ್ಬರು ಒಪ್ಪದಿದ್ದರೆ ಶಿಕ್ಷೆ ಕೊಡೋಕಾಗಲ್ಲ, ಆದರೆ ಬಿಡುಗಡೆಯೂ ಇಲ್ಲ. ಆ ವಿಚಾರಣೆ ಅಲ್ಲಿಗೆ ರದ್ದು. ಸರ್ಕಾರಿ ವಕೀಲರು ಬೇಕೆಂದರೆ ಹೊಸ ಜ್ಯೂರಿ ಮುಂದೆ ಮೊದಲಿಂದ ಶುರು ಮಾಡಬಹುದು. ಬಿಡುಗಡೆ ಆಗಬೇಕಾದರೂ ಎಲ್ಲರೂ ಒಂದಾಗಬೇಕು.

ಎಲ್ಲ ಕಡೆ ಹೀಗೇ ಇರಲಿಲ್ಲ. ಲೂಸಿಯಾನದಲ್ಲಿ 1898ರಲ್ಲಿ 9–3 ಸಾಕು ಅಂತ ಮಾಡಿದರು. ಜ್ಯೂರಿಯಲ್ಲಿ ಒಬ್ಬಿಬ್ಬರು ಕಪ್ಪು ಜನ ಕೂತರೂ ಅವರ ಮಾತು ನಡೆಯಬಾರದು ಅನ್ನೋದೇ ಇದರ ಹಿಂದಿನ ಲೆಕ್ಕಾಚಾರ. ಆಮೇಲೆ ಅದು 10–2 ಆಯಿತು. ಹಾಗೆ ಹತ್ತು ಜನರ ಮತದಿಂದಲೇ ಜೀವಾವಧಿ ಶಿಕ್ಷೆಯಾದ ರಾಮೋಸ್ ಎಂಬಾತನ ಕೇಸಿನಲ್ಲಿ, 2020ರಲ್ಲಿ, ಗಂಭೀರ ಅಪರಾಧಕ್ಕೆ ಒಮ್ಮತ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಫ್ಲಾರಿಡಾದಲ್ಲಿ ಇನ್ನೊಂದು ವಿಚಿತ್ರ ನೋಡಿ: ತಪ್ಪಿತಸ್ಥ ಎನ್ನಲು 12ಕ್ಕೆ 12 ಬೇಕು. ಮರಣದಂಡನೆ ಕೊಡಿ ಎನ್ನಲು 2023ರಿಂದ ಎಂಟೇ ಸಾಕು!

ಸಿವಿಲ್ ಕೋರ್ಟಿನಲ್ಲಿ ‘ತಪ್ಪಿತಸ್ಥ’ ಅನ್ನೋ ಮಾತೇ ಇಲ್ಲ, ಹೊಣೆ ಯಾರದು ಅನ್ನೋದಷ್ಟೇ. ಅಮೆರಿಕನ್ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ಕೇಸು ನೆನಪಿರಬಹುದು. ಜೋಡಿ ಕೊಲೆ ಕೇಸಿನಲ್ಲಿ 1995ರಲ್ಲಿ 12 ಜನ ಬಿಟ್ಟು ಕಳಿಸಿದರು. 1997ರಲ್ಲಿ ಅದೇ ಸಾವುಗಳ ಸಿವಿಲ್ ದಾವೆಯಲ್ಲಿ ಬೇರೆ ಜ್ಯೂರಿ ಒಟ್ಟು 3.35 ಕೋಟಿ ಡಾಲರ್ ಕಟ್ಟು ಎಂದಿತು. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆ ಇರಬಾರದು, ಸಿವಿಲ್‌ನಲ್ಲಿ ತಕ್ಕಡಿ ಒಂದಿಷ್ಟು ವಾಲಿದರೆ ಸಾಕು. ಕ್ಯಾಲಿಫೋರ್ನಿಯಾದ ಸಿವಿಲ್ ಕೇಸಿಗೆ 12ರಲ್ಲಿ 9 ಮತ ಸಾಲುತ್ತೆ. ಅವನಿಗೆ ಹನ್ನೆರಡೂ ವಿರುದ್ಧವೇ ಬಿದ್ದವು.

ನಮ್ಮಲ್ಲಿ? 1959ರಲ್ಲಿ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಕೇಸಿನಲ್ಲಿ ಬಾಂಬೆಯ ಒಂಬತ್ತು ಜನರ ಜ್ಯೂರಿ 8–1ರಲ್ಲಿ ನಿರಪರಾಧಿ ಎಂದಿತು. ಜಡ್ಜು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು.

ಅಂದ ಹಾಗೆ, ಅಮೆರಿಕದಲ್ಲಿ ಜ್ಯೂರಿಯಲ್ಲಿ ಕೂತವರು ಕೇಸು ಮುಗಿಯೋ ತನಕ ಮನೆಯವರ ಹತ್ತಿರವೂ ಅದರ ಮಾತೆತ್ತಬಾರದು. ಫೋನಿನಲ್ಲಿ ಮಗಳನ್ನು ಜಾಸ್ತಿ ಕೆದಕಬೇಡಿ. ‘ದರೋಡೆ’ ಅಂದಿದ್ದೇ ಸ್ವಲ್ಪ ಹೆಚ್ಚಾಯಿತು.